ಹದಿನೇಳರ ಮಗ್ಗಿ ಹೇಳುತ್ತಾ ಕೆರೆ ಸುತ್ತಿದ್ದು

ನಡೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ದಿನ ಹೀಗೇ ನಡೆಯಬೇಕು, ಯಾವಾಗ ಸ್ವಲ್ಪ ಜೋರು ಮಾಡಬೇಕು ಅಂತ ಕೇಳಿ ನೋಡಿ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನಗೆ ಈ ಪ್ರಶ್ನೆಗೆ ಉತ್ತರ ಸಿಗುವುದಕ್ಕೆ ಒಂದು ವರ್ಷ ಬೇಕಾಯಿತು. ನಡುವೆ ಮೂರು ವಾರ ಕಾಲು ನೋವು ಅಂತ ಮನೆಯಲ್ಲಿ ಕೂತದ್ದೂ ಆಯಿತು. ಈಗ ಬೆಳಿಗ್ಗೆ ಕೆರೆ ಹತ್ತಿರ ಸಿಗುವ ಹೊಸಬರು ಇದನ್ನೇ ಕೇಳುತ್ತಾರೆ, ಅದಕ್ಕೇ ಪೂರ್ತಿ ಬರೆದುಬಿಡೋಣ ಅನ್ನಿಸಿತು.

ನನಗೆ 48. ಮೈಸೂರಿನ ಸರಸ್ವತಿಪುರಂನಲ್ಲಿ ಮನೆ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಕಳೆದ ವರ್ಷ ಮೇ ತಿಂಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಮೂರು ತಿಂಗಳ ಸರಾಸರಿ ಸಕ್ಕರೆ, ಅದೇ ಎಚ್‌ಬಿಎ1ಸಿ, 6.2 ಬಂತು. 5.7ರಿಂದ 6.4ರ ಒಳಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತ ಹಾಗೆ. ನಮ್ಮಮ್ಮನಿಗೆ ಐವತ್ತಕ್ಕೇ ಶುಗರ್ ಬಂದಿತ್ತು, ಕೊನೆಕೊನೆಗೆ ಕಣ್ಣು ಮಂಜಾಗಿತ್ತು, ಅವರ ಕೈ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋಗುತ್ತಿದ್ದವಳು ನಾನೇ. ಹಾಗಾಗಿ ರಿಪೋರ್ಟ್ ನೋಡಿ ತುಂಬಾ ಭಯ ಆಯಿತು. ಡಾಕ್ಟರು ಇಸಿಜಿ ತೆಗೆಸಿ, ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಟಿಎಂಟಿಯನ್ನೂ ಮಾಡಿಸಿ, ಹೃದಯಕ್ಕೆ ಏನೂ ತೊಂದರೆ ಇಲ್ಲ, ವಾರಕ್ಕೆ 150 ನಿಮಿಷ ನಡೆಯಿರಿ ಅಂದರು.

ಅದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ಜೋರು ಶ್ರಮ. ಅಂದರೆ ಜೋರಿನ ಒಂದು ನಿಮಿಷ, ಸಾಧಾರಣದ ಎರಡು ನಿಮಿಷಕ್ಕೆ ಸಮ. ಈ ಸಮೀಕರಣ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಮುಂದೆ ನಾನು ಮಾಡಿದ ತಪ್ಪು ಹುಟ್ಟಿದ್ದೂ ಇದರಿಂದಲೇ.

ಕುಕ್ಕರಹಳ್ಳಿ ಕೆರೆ ನಮ್ಮ ಮನೆಗೆ ಹತ್ತಿರ. ಮುಮ್ಮಡಿ ಕೃಷ್ಣರಾಜ ಒಡೆಯರ್ 1864ರಲ್ಲಿ ಕಟ್ಟಿಸಿದ ಕೆರೆ, ಸುತ್ತಲೂ ನಾಲ್ಕೂವರೆ ಕಿಲೋಮೀಟರಿನಷ್ಟು ನಡೆಯುವ ದಾರಿ, ಹೆಚ್ಚಿನ ಕಡೆ ಮರದ ನೆರಳು. ಬೆಳಗಿನ ಹೊತ್ತು ಹೆಜ್ಜಾರ್ಲೆಗಳು ನೀರಿನ ಮೇಲೆ ತೇಲುತ್ತಾ ಇರುತ್ತವೆ. ನನ್ನ ಓರಗಿತ್ತಿ, ನಾನು ಅಕ್ಕ ಅಂತಲೇ ಕರೆಯುವುದು, ಅವಳೂ ಜೊತೆಗೆ ಬಂದಳು. ಜೂನ್ ಮೊದಲ ವಾರ ಒಂದು ಸುತ್ತಿಗೆ 58 ನಿಮಿಷ ಹಿಡಿಯಿತು. ಅಕ್ಕ ನಡುನಡುವೆ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದಳು, ನಾನೂ ಕೂರುತ್ತಿದ್ದೆ. ಐದು ವಾರ ಕಳೆಯುವಷ್ಟರಲ್ಲಿ ಅದೇ ಸುತ್ತು 52 ನಿಮಿಷಕ್ಕೆ ಮುಗಿಯತೊಡಗಿತು.

ಅಷ್ಟು ಸಾಕಾಯಿತು. ಶಾಲೆ ಶುರುವಾಗಿತ್ತು, ಬೆಳಿಗ್ಗೆ ಟೈಮೇ ಸಿಗುತ್ತಿರಲಿಲ್ಲ. 150 ನಿಮಿಷದ ಕೆಲಸ 75ರಲ್ಲಿ ಆಗುತ್ತೆ ಅಂದರೆ ಯಾಕೆ ಓಡಬಾರದು ಅಂತ ಯೋಚನೆ ಮಾಡಿ, ಜುಲೈನಲ್ಲಿ ಮನೆ ಹತ್ತಿರದ ಡಾಂಬರು ರಸ್ತೆಯಲ್ಲೇ, ಮೂರು ವರ್ಷದ ಹಳೇ ಶೂ ಹಾಕಿಕೊಂಡು, ಐದು ದಿನ ಇದ್ದದ್ದನ್ನು ಆರು ದಿನಕ್ಕೆ ಏರಿಸಿ ಓಡಲು ಶುರು ಮಾಡಿದೆ. ಮೊದಲ ಎರಡು ವಾರ ಚೆನ್ನಾಗಿತ್ತು. ಉಸಿರಿಗೆ ಅಷ್ಟೇನೂ ಕಷ್ಟ ಆಗಲಿಲ್ಲ, ಅದರಿಂದ ಧೈರ್ಯ ಇನ್ನೂ ಜಾಸ್ತಿಯಾಯಿತು. ಮೂರನೇ ವಾರ ಮೊಣಕಾಲಿನ ಕೆಳಗೆ, ಮುಂದಿನ ಮೂಳೆಯ ಒಳಬದಿಯಲ್ಲಿ ನೋವು ಶುರುವಾಯಿತು. ಮೊದಲು ಓಡುವಾಗ ಮಾತ್ರ, ಆಮೇಲೆ ನಡೆಯುವಾಗಲೂ, ಕೊನೆಗೆ ರಾತ್ರಿ ಮಲಗಿದಾಗ ಬೆರಳಿನಿಂದ ಒತ್ತಿದರೂ ನೋವು.

ಫಿಸಿಯೋಥೆರಪಿಸ್ಟ್ ಅದನ್ನು ಶಿನ್ ಸ್ಪ್ಲಿಂಟ್ ಅಂದರು. ಆಮೇಲೆ ಅವರು ಹೇಳಿದ್ದನ್ನು ನಾನು ಇವತ್ತಿಗೂ ಎಲ್ಲರಿಗೂ ಹೇಳುತ್ತಿರುತ್ತೇನೆ. ವ್ಯಾಯಾಮ ಶುರು ಮಾಡಿದ ಕೆಲವೇ ವಾರಗಳಲ್ಲಿ ಮೈಯಲ್ಲಿ ರಕ್ತದ ನೀರಿನ ಅಂಶ ಹೆಚ್ಚುತ್ತೆ, ಹೃದಯ ಒಂದು ಬಡಿತಕ್ಕೆ ಮೊದಲಿಗಿಂತ ಜಾಸ್ತಿ ರಕ್ತ ತಳ್ಳುತ್ತೆ, ಅದಕ್ಕೇ ಉಸಿರು ಬೇಗ ಹಗುರಾಗುತ್ತೆ. ಮೂಳೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಹಾಗಲ್ಲ. ಅವು ಗಟ್ಟಿಯಾಗಲು ತಿಂಗಳುಗಳೇ ಬೇಕು. ಉಸಿರು ಸರಿಯಾಗಿದೆ ಅಂದ ಮಾತ್ರಕ್ಕೆ ಕಾಲು ತಯಾರಾಗಿದೆ ಅಂತಲ್ಲ. ನಾನು ಉಸಿರನ್ನು ಮಾತ್ರ ಕೇಳಿದ್ದೆ. ಅದರ ಮೇಲೆ ವೇಗ, ದಿನ, ನೆಲ ಮೂರನ್ನೂ ಒಂದೇ ವಾರ ಬದಲಾಯಿಸಿದ್ದೆ, ಹಾಗಾಗಿ ಯಾವುದರಿಂದ ನೋವು ಬಂತು ಅಂತ ಹೇಳುವ ದಾರಿಯೂ ಇರಲಿಲ್ಲ. ಕ್ಲಾಸಿನಲ್ಲಿ ಮಕ್ಕಳು ಒಂದೇ ಸಲ ಮೂರು ಅಕ್ಷರದ ಬೆಲೆ ಬದಲಾಯಿಸಿದರೆ ಬೇಡ ಅನ್ನುವವಳು ನಾನು.

ಆಗಸ್ಟ್ ನಡುವಿನಲ್ಲಿ ಮತ್ತೆ ಕೆರೆಗೆ ಬಂದೆ. ಈ ಸಲ ಹೊಸ ಶೂ, ಬರೀ ನಡಿಗೆ, ವಾರಕ್ಕೆ ಐದು ದಿನ. ಆಗ ನಮ್ಮನ್ನು ದಿನಾ ನೋಡುತ್ತಿದ್ದ ಒಬ್ಬ ಹಿರಿಯರು ಮಾತಿಗೆ ಸಿಕ್ಕಿದರು. ರಿಟೈರ್ ಆದ ಪಿಟಿ ಮೇಷ್ಟ್ರು, ಎಪ್ಪತ್ತು ದಾಟಿದೆ, ನಮಗಿಂತ ಬೇಗ ನಡೆಯುತ್ತಾರೆ. "ಏನ್ ಮೇಡಂ, ಮಾತಾಡ್ಕೊಂಡು ನಡೀತಾ ಇದೀರಲ್ಲ, ಹಾಡೂ ಬರುತ್ತಾ?" ಅಂತ ಕೇಳಿದರು. ನನಗೆ ಅರ್ಥ ಆಗಲಿಲ್ಲ. ಆಮೇಲೆ ಬಿಡಿಸಿ ಹೇಳಿದರು. ನಡೆಯುತ್ತಾ ಹಾಡು ಹೇಳಲು ಆಗುತ್ತೆ ಅಂದರೆ ಶ್ರಮ ಕಮ್ಮಿ. ಮಾತು ಬರುತ್ತೆ, ಹಾಡು ಬರಲ್ಲ ಅಂದರೆ ಮಧ್ಯಮ. ಎರಡು ಮೂರು ಪದಕ್ಕೇ ಉಸಿರು ತೆಗೆದುಕೊಳ್ಳಬೇಕು ಅಂದರೆ ಜೋರು. ಯಂತ್ರ ಬೇಡ, ಖರ್ಚಿಲ್ಲ.

ನನಗೆ ಹಾಡು ಬರುವುದಿಲ್ಲ, ಮಗ್ಗಿ ಬರುತ್ತೆ. ಅದಕ್ಕೆ ಹದಿನೇಳರ ಮಗ್ಗಿ ಹಿಡಿದೆ. ಕೆರೆ ಏರಿಯ ಮೇಲಿನ ಒಂದು ನೇರ ದಾರಿ ಗುರುತು ಮಾಡಿಕೊಂಡು, ಅಲ್ಲಿಗೆ ಬಂದಾಗಲೆಲ್ಲ ಗಟ್ಟಿಯಾಗಿ ಹೇಳುವುದು. ಹದಿನೇಳು ಒಂದ್ಲೆ ಹದಿನೇಳು, ಹದಿನೇಳು ಎರಡ್ಲೆ ಮೂವತ್ನಾಲ್ಕು. ಆಗಸ್ಟಿನಲ್ಲಿ ಬಿರುಸಾಗಿ ನಡೆಯುವಾಗ ಮೂರ್ಲೆ ಐವತ್ತೊಂದು ಅನ್ನುವಷ್ಟರಲ್ಲಿ ಉಸಿರು ಕಟ್ಟುತ್ತಿತ್ತು. ಹಿಂದೆ ಬರುತ್ತಿದ್ದ ಕಾಲೇಜು ಹುಡುಗರು ತಿರುಗಿ ನೋಡುತ್ತಿದ್ದರು, ನೋಡಲಿ. ದಸರಾ ಹೊತ್ತಿಗೆ ಅದೇ ವೇಗದಲ್ಲಿ ಹತ್ಲೆ ನೂರಾ ಎಪ್ಪತ್ತರ ತನಕ ನಿಲ್ಲಿಸದೆ ಹೇಳುತ್ತಿದ್ದೆ.

ಇಷ್ಟರಲ್ಲೇ ಜೋರು ಮಾಡಬಹುದಿತ್ತು. ಆದರೆ ಒಂದು ಸಲ ಉಸಿರನ್ನು ಮಾತ್ರ ನಂಬಿ ಏನಾಯಿತು ಅಂತ ಗೊತ್ತಿತ್ತಲ್ಲ, ಬೇರೆ ಸಾಕ್ಷಿಯೂ ಬೇಕಿತ್ತು.

ಒಂದು 40 ಪುಟದ ನೋಟ್‌ಬುಕ್ ಇಟ್ಟೆ. ಬೆಳಿಗ್ಗೆ ಎದ್ದ ತಕ್ಷಣ, ಹಾಸಿಗೆಯಲ್ಲೇ, ಕಾಫಿಗೆ ಮುಂಚೆ, ಮಣಿಕಟ್ಟಿನ ಮೇಲೆ ಎರಡು ಬೆರಳು ಇಟ್ಟು ಪೂರ್ತಿ ಒಂದು ನಿಮಿಷ ನಾಡಿ ಎಣಿಸುವುದು. ಹೆಬ್ಬೆರಳು ಇಡಬಾರದು, ಅದರದೇ ಬಡಿತ ಸೇರಿಕೊಂಡು ಲೆಕ್ಕ ತಪ್ಪುತ್ತೆ. ಆಗಸ್ಟಿನಲ್ಲಿ 80 ಇತ್ತು. ಅಕ್ಟೋಬರ್ ಮಧ್ಯಕ್ಕೆ 73. ಒಂದು ದಿನದ ಅಂಕಿ ನೋಡಬಾರದು, ಒಂದು ವಾರದ್ದು ಸರಾಸರಿ ತೆಗೆಯಬೇಕು, ಯಾಕೆಂದರೆ ರಾತ್ರಿ ಮದುವೆ ಊಟ ಮಾಡಿ ತಡವಾಗಿ ಮಲಗಿದರೂ ಮಾರನೇ ದಿನ ನಾಲ್ಕೈದು ಏರಿರುತ್ತೆ.

ಎರಡನೆಯದು ನಡೆಯುವಾಗಿನ ನಾಡಿ. ಏರಿಯ ದಾರಿ ಮುಗಿದ ಜಾಗದಲ್ಲಿ ನಿಂತು ತಕ್ಷಣ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು. ಆಗಸ್ಟಿನಲ್ಲಿ 132. ಅಕ್ಟೋಬರಿನಲ್ಲಿ 120. ಅದೇ ದಾರಿ, ಅದೇ ವೇಗ, ಅದೇ ಬೆಳಗಿನ ಆರೂವರೆ, ನಾಡಿ ಮಾತ್ರ 12 ಕಮ್ಮಿ. ಈ ಒಂದು ಸಾಲು ಬರೆದ ದಿನ ನನಗೆ ಆದ ಖುಷಿಯನ್ನು ಹೇಗೆ ಹೇಳಲಿ! ನಾನು ಇಷ್ಟು ದಿನ ಹುಡುಕುತ್ತಿದ್ದ ಉತ್ತರ ಅದೇ ಆಗಿತ್ತು. ಜೋರು ಮಾಡುವ ಹೊತ್ತು ಯಾವಾಗ ಬರುತ್ತೆ ಅಂದರೆ, ಹಳೇ ಕೆಲಸವನ್ನೇ ಮೈ ಕಡಿಮೆ ಖರ್ಚಿನಲ್ಲಿ ಮಾಡಲು ಶುರು ಮಾಡಿದಾಗ. ನಾಲ್ಕು ವಾರ ಆಯಿತು ಅಂತಲೋ, ಬೇಜಾರಾಯಿತು ಅಂತಲೋ, ಪಕ್ಕದವರು ಓಡುತ್ತಿದ್ದಾರೆ ಅಂತಲೋ ಅಲ್ಲ.

ಅಲ್ಲೇ ಇನ್ನೊಂದು ನಿಮಿಷ ನಿಂತು ಮತ್ತೆ ಎಣಿಸುತ್ತಿದ್ದೆ. ಆಗಸ್ಟಿನಲ್ಲಿ 132 ಇದ್ದದ್ದು ಒಂದು ನಿಮಿಷಕ್ಕೆ 116ಕ್ಕೆ ಇಳಿಯುತ್ತಿತ್ತು, ಅಂದರೆ 16. ಅಕ್ಟೋಬರಿನಲ್ಲಿ 120ರಿಂದ 96ಕ್ಕೆ, 24. ಬೇಗ ಇಳಿದಷ್ಟೂ ಹೃದಯ ಚೆನ್ನಾಗಿ ಪಳಗಿದೆ ಅಂತ ಅರ್ಥ. ಜೋರು ಶ್ರಮದ ನಂತರ ಒಂದು ನಿಮಿಷದಲ್ಲಿ 12 ಕೂಡ ಇಳಿಯುತ್ತಿಲ್ಲ ಅಂದರೆ ವೇಗ ಹೆಚ್ಚಿಸುವ ಮಾತು ಬಿಟ್ಟು ಮೊದಲು ಡಾಕ್ಟರಿಗೆ ತೋರಿಸಿ.

ಲೆಕ್ಕ ಇಷ್ಟ ಇರುವವರಿಗೆ ಇನ್ನೊಂದು ಮಾತು. 220ರಿಂದ ವಯಸ್ಸು ಕಳೆದರೆ ಗರಿಷ್ಠ ನಾಡಿ ಸಿಗುತ್ತೆ ಅನ್ನುತ್ತಾರೆ, ನನಗೆ 172. ಅದು ಅಂದಾಜು ಮಾತ್ರ, ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಆ ಕಡೆ ಈ ಕಡೆ ಇರುತ್ತೆ. ಅದಕ್ಕಿಂತ ಚೆನ್ನಾಗಿರುವುದು ಫಿನ್ಲೆಂಡಿನ ಕಾರ್ವೊನೆನ್ ಎಂಬ ವಿಜ್ಞಾನಿ 1957ರಲ್ಲಿ ತೋರಿಸಿದ ದಾರಿ. ಗರಿಷ್ಠದಿಂದ ಬೆಳಗಿನ ನಾಡಿ ಕಳೆಯಿರಿ, ಉಳಿದದ್ದೇ ನಿಮ್ಮ ಬಂಡವಾಳ. ನನ್ನದು ಆಗಸ್ಟಿನಲ್ಲಿ 172ರಲ್ಲಿ 80 ಹೋಗಿ 92. ಅದರ ಶೇಕಡ 40ರಿಂದ 60ರ ತನಕ ಮಧ್ಯಮ ಶ್ರಮ. 37ಕ್ಕೆ 80 ಕೂಡಿಸಿದರೆ 117, 55ಕ್ಕೆ 80 ಕೂಡಿಸಿದರೆ 135. ನಾನು ನಡೆಯುತ್ತಿದ್ದದ್ದು 132ರಲ್ಲಿ, ಅಂದರೆ ಮಧ್ಯಮದ ತುತ್ತತುದಿ. ಅಕ್ಟೋಬರಿನ 120 ಮಧ್ಯಮದ ಕೆಳಗಿನ ಕಡೆ. ಮೇಲೆ ಜಾಗ ಆಗಿತ್ತು ಅಂತ ಲೆಕ್ಕವೇ ಹೇಳಿತು.

ಅಕ್ಕನಿಗೆ ಮಾತ್ರ ಈ ಲೆಕ್ಕ ಕೂಡಿ ಬರಲಿಲ್ಲ. "ನಂಗೆ ಏದುಸಿರು ಬಂದ್ರೂ ನಾಡಿ 100 ದಾಟ್ತಿಲ್ಲ ಕಣೆ, ನಿನ್ನ ಕೋಷ್ಟಕದಲ್ಲಿ ಏನೋ ತಪ್ಪಿದೆ" ಅಂದಳು. ತಪ್ಪು ಕೋಷ್ಟಕದಲ್ಲಿ ಇರಲಿಲ್ಲ. ಅವಳು ಬಿಪಿಗೆ ತೆಗೆದುಕೊಳ್ಳುವುದು ಬೀಟಾ ಬ್ಲಾಕರ್ ಮಾತ್ರೆ, ಅದು ನಾಡಿಯನ್ನು ಏರಲು ಬಿಡುವುದಿಲ್ಲ. ಇದು ಗೊತ್ತಿಲ್ಲದೆ ಅಂಕಿ ಹಿಂದೆ ಬಿದ್ದಿದ್ದರೆ ಅವಳು ಅಪಾಯ ಆಗುವಷ್ಟು ಜೋರು ಮಾಡಿಬಿಡುತ್ತಿದ್ದಳು. ಈ ಮಾತ್ರೆ ತೆಗೆದುಕೊಳ್ಳುವವರು ದಯವಿಟ್ಟು ನಾಡಿ ಲೆಕ್ಕ ಬಿಡಿ, ಮಾತಿನ ಪರೀಕ್ಷೆಯನ್ನೇ ನೆಚ್ಚಿಕೊಳ್ಳಿ, ಡಾಕ್ಟರನ್ನು ಕೇಳಿಯೇ ಹೆಚ್ಚಿಸಿ. ಯಾರೇ ಆಗಲಿ, ಎದೆ ಹಿಡಿದ ಹಾಗಾದರೆ, ತಲೆ ಸುತ್ತಿದರೆ, ತೋಳಿಗೋ ದವಡೆಗೋ ನೋವು ಹರಿದರೆ ಅಲ್ಲೇ ನಿಲ್ಲಬೇಕು, ಸುಮ್ನೆ ಮನೆ ತನಕ ನಡೆದುಬಿಡೋಣ ಅನ್ನಬಾರದು.

ಮೂರನೇ ಸಾಕ್ಷಿ ಕಾಲಿನದು. ಮಾರನೇ ದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹತ್ತು ಹೆಜ್ಜೆ ಇಡುವಾಗ ಹೇಗಿದೆ, ಆ ಮೂಳೆಯನ್ನು ಒತ್ತಿದರೆ ನೋಯುತ್ತಾ. ಮೂರು ವಾರ ಸತತವಾಗಿ ನೋವಿಲ್ಲ ಅಂತ ಬರೆದ ಮೇಲೆಯೇ ಮುಂದಿನ ಹೆಜ್ಜೆ.

ಮುಂದಿನ ಹೆಜ್ಜೆ ಅಂದರೂ ಮೊದಲು ವೇಗಕ್ಕೆ ಕೈ ಹಾಕಲಿಲ್ಲ. ಪಿಟಿ ಮೇಷ್ಟ್ರು ಹೇಳಿದ ಕ್ರಮ ಅದು. ಮೊದಲು ದಿನಗಳು, ಆಮೇಲೆ ನಿಮಿಷಗಳು, ಕೊನೆಗೆ ಜೋರು. ವಾರಕ್ಕೆ ಐದು ದಿನ ನಿಂತಿತ್ತು, ದಿನಕ್ಕೆ 50 ನಿಮಿಷ ಸಲೀಸಾಗಿತ್ತು, ಹಾಗಾಗಿ ಈಗ ಜೋರಿನ ಸರದಿ. ದಸರಾ ಮುಗಿದ ಮಂಗಳವಾರ ಶುರು ಮಾಡಿದೆ. ಹತ್ತು ನಿಮಿಷ ಮಾಮೂಲಿ ನಡಿಗೆ, ಆಮೇಲೆ ಒಂದು ನಿಮಿಷ ಮೆಲ್ಲಗೆ ಓಟ, ಎರಡು ನಿಮಿಷ ನಿಧಾನ ನಡಿಗೆ, ಹೀಗೆ ಐದು ಸಲ. ವಾರಕ್ಕೆ ಎರಡೇ ದಿನ, ಮಂಗಳವಾರ ಮತ್ತು ಶುಕ್ರವಾರ, ಕೆರೆಯ ಮಣ್ಣಿನ ದಾರಿಯಲ್ಲೇ. ಆ ಎರಡು ದಿನ ಒಟ್ಟು ಸಮಯವನ್ನು 50ರಿಂದ 40ಕ್ಕೆ ಇಳಿಸಿದೆ. ಜೋರು ಏರಿಸುವಾಗ ಹೊತ್ತು ಇಳಿಸಬೇಕು, ಇದನ್ನು ತುಂಬಾ ಜನ ಮರೆಯುತ್ತಾರೆ. ಉಳಿದ ಮೂರು ದಿನ ಹಳೇ ನಡಿಗೆಯೇ, ಅದರಲ್ಲಿ ಎಷ್ಟೇ ಉತ್ಸಾಹ ಬಂದರೂ ಓಡುತ್ತಿರಲಿಲ್ಲ.

ಎಷ್ಟು ಸಲ ಮಾಡಬೇಕು ಅನ್ನುವುದಕ್ಕೂ ಮಗ್ಗಿಯೇ ಅಳತೆಗೋಲು. ಜೋರು ನಿಮಿಷದಲ್ಲಿ ಮೂರ್ಲೆ ನಾಲ್ಕ್ಲೆಗೆ ಉಸಿರು ಮುರಿಯಬೇಕು, ಮುರಿಯದಿದ್ದರೆ ಅದು ಜೋರಲ್ಲ. ಆಮೇಲಿನ ಎರಡು ನಿಮಿಷ ಮುಗಿಯುವಷ್ಟರಲ್ಲಿ ಪೂರ್ತಿ ಮಗ್ಗಿ ಮತ್ತೆ ಬಾಯಿಗೆ ಬರಬೇಕು. ಬರಲಿಲ್ಲ ಅಂದರೆ ಅವತ್ತಿಗೆ ಅಷ್ಟೇ, ನಡೆದುಕೊಂಡು ಮನೆಗೆ. ಮೊದಲ ವಾರ ನಾಲ್ಕನೇ ಸಲಕ್ಕೇ ನಿಲ್ಲಿಸಿದ್ದೆ. ಮೂರನೇ ವಾರ ಐದನೆಯದು ಎರಡನೆಯದರ ಹಾಗೇ ಹಗುರಾಗಿತ್ತು. ಆಗ ಆರು ಮಾಡಿದೆ. ಡಿಸೆಂಬರ್ ಕೊನೆಗೆ ಎಂಟು. ಎಂಟು ಆದ ಮೇಲೆ ಎರಡು ನಿಮಿಷದ ವಿಶ್ರಾಂತಿಯನ್ನು ಒಂದೂವರೆಗೆ ಇಳಿಸಿದೆ, ಆ ವಾರ ಬೇರೆ ಯಾವುದನ್ನೂ ಮುಟ್ಟಲಿಲ್ಲ.

ಜನವರಿಯಲ್ಲಿ ಮಗ ಬೆಂಗಳೂರಿನಿಂದ ಒಂದು ಸ್ಮಾರ್ಟ್ ವಾಚ್ ತಂದುಕೊಟ್ಟ. ಬೆಳಗಿನ ನಾಡಿಗೆ ಚೆನ್ನಾಗಿದೆ, ಬೆರಳಿನ ಎಣಿಕೆಗೂ ಅದಕ್ಕೂ ಒಂದೆರಡೇ ವ್ಯತ್ಯಾಸ. ಜೋರಾಗಿ ಓಡುವಾಗ ಪಟ್ಟಿ ಸಡಿಲ ಇದ್ದರೆ ಏನೇನೋ ತೋರಿಸುತ್ತೆ, ಬಿಗಿಯಾಗಿ, ಮಣಿಕಟ್ಟಿನ ಮೂಳೆಯಿಂದ ಸ್ವಲ್ಪ ಮೇಲೆ ಕಟ್ಟಬೇಕು.

ಅದೇ ತಿಂಗಳು ಮಗನ ಜೊತೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ. ದೊಡ್ಡ ದೇವರಾಜ ಒಡೆಯರ್ ಕಾಲದಲ್ಲಿ, 17ನೇ ಶತಮಾನದಲ್ಲಿ, ಮಾಡಿಸಿದ ಸಾವಿರ ಮೆಟ್ಟಿಲು. ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಇಡುತ್ತಾ ಹತ್ತುತ್ತಾರೆ, ಅವರ ವೇಗದಲ್ಲೇ ಹೋಗಿದ್ದರೆ ಸರಿ ಇತ್ತು. ಮಗ ಮುಂದೆ ಹೋದ, ನಾನು ಅವನ ಹಿಂದೆ. ಬೆಟ್ಟದ ಪಾದದಿಂದ ಇನ್ನೂರು ಮೆಟ್ಟಿಲಿಗೇ ನಾಡಿ 158 ತೋರಿಸಿತು. ಕೆರೆಯಲ್ಲಿ ಓಡುವಾಗಲೂ ಅಷ್ಟು ಹೋಗಿರಲಿಲ್ಲ. ವೇಗ ಹೆಚ್ಚಿಸದೆಯೇ ಶ್ರಮ ಹೆಚ್ಚಾಗುವುದು ಹೇಗೆ ಅಂತ ಅವತ್ತು ತಿಳಿಯಿತು, ಏರು ಬಂದರೆ ಸಾಕು. ಅಲ್ಲಿ ನಿಂತು, 120ಕ್ಕೆ ಇಳಿಯುವ ತನಕ ಕಾದು, ಮತ್ತೆ ನೂರು ಮೆಟ್ಟಿಲು, ಮತ್ತೆ ನಿಲ್ಲುವುದು, ಹೀಗೆ ನಂದಿಯ ತನಕ ಹೋದೆವು. ಅವತ್ತು ತುದಿ ಮುಟ್ಟಲಿಲ್ಲ. ಇಳಿದು ಬಂದ ಎರಡನೇ ದಿನ ತೊಡೆ ಹಿಡಿದುಕೊಂಡು ಪಾಯಿಖಾನೆಗೆ ಕೂರಲೂ ಕಷ್ಟವಾಯಿತು. ಇಳಿಯುವಾಗಲೇ ತೊಡೆಗೆ ಪೆಟ್ಟು ಜಾಸ್ತಿ ಬೀಳುವುದು, ನೋವು ಒಂದೆರಡು ದಿನ ಬಿಟ್ಟು ಬರುತ್ತೆ. ಮೂಳೆಯ ನೋವಿಗೂ ಈ ಸ್ನಾಯುವಿನ ನೋವಿಗೂ ವ್ಯತ್ಯಾಸ ಇದೆ. ಸ್ನಾಯುವಿನದು ಎರಡೂ ಕಾಲಿನಲ್ಲಿ ಸಮನಾಗಿ ಇರುತ್ತೆ, ನಡೆದಾಡಿದರೆ ಸಡಿಲಾಗುತ್ತೆ, ನಾಲ್ಕು ದಿನಕ್ಕೆ ಹೋಗುತ್ತೆ. ಮೂಳೆಯದು ಒಂದೇ ಜಾಗದಲ್ಲಿ ಚುಚ್ಚುತ್ತೆ, ನಡೆದಷ್ಟೂ ಹೆಚ್ಚುತ್ತೆ. ಸ್ನಾಯುವಿನ ನೋವಿಗೆ ತಾಳ್ಮೆ ಸಾಕು, ಮೂಳೆಯ ನೋವಿಗೆ ನಿಲ್ಲಿಸಲೇಬೇಕು.

ಹಿಂದಕ್ಕೆ ಬಂದ ತಿಂಗಳುಗಳೂ ಇವೆ. ಮಾರ್ಚ್‌ನಲ್ಲಿ ವಾರ್ಷಿಕ ಪರೀಕ್ಷೆಯ ಗಡಿಬಿಡಿ, ರಾತ್ರಿ ಐದು ಗಂಟೆ ನಿದ್ದೆ. ಬೆಳಗಿನ ನಾಡಿ 70 ಇದ್ದದ್ದು ಸತತ ನಾಲ್ಕು ದಿನ 77, 78. ಮೈ ಬಿಸಿ ಇರಲಿಲ್ಲ, ಶೀತ ಇರಲಿಲ್ಲ. ಆದರೂ ಅಂಕಿ ನೋಡಿ ಮಂಗಳವಾರದ ಓಟ ಬಿಟ್ಟೆ. ಗುರುವಾರ ಜ್ವರ ಬಂತು. ನಾಡಿಗೆ ನನಗಿಂತ ಎರಡು ದಿನ ಮೊದಲೇ ಗೊತ್ತಿತ್ತು! ಜ್ವರ ಬಿಟ್ಟ ಮೇಲೂ ಒಂದು ವಾರ ಬರೀ ನಡಿಗೆ, ಆಮೇಲೆ ಎಂಟರ ಬದಲು ಐದರಿಂದ ಮತ್ತೆ ಶುರು. ಏಪ್ರಿಲ್‌ನಲ್ಲಿ ಸೆಕೆ. ಅದೇ ದಾರಿ ಅದೇ ವೇಗಕ್ಕೆ ನಾಡಿ ಎಂಟು ಹತ್ತು ಜಾಸ್ತಿ, ಮೈ ತಣ್ಣಗಿಡಲು ರಕ್ತ ಚರ್ಮದ ಕಡೆಗೂ ಹರಿಯಬೇಕಲ್ಲ. ಬೇಸಿಗೆಯಲ್ಲಿ ಏರಿಸಲು ಹೋಗಲೇ ಇಲ್ಲ, ಇದ್ದದ್ದನ್ನು ಉಳಿಸಿಕೊಂಡರೆ ಸಾಕು ಅಂತ ಮಾಡಿದೆ.

ಮೇ ಕೊನೆಗೆ ಮತ್ತೆ ರಕ್ತ ಪರೀಕ್ಷೆ. 5.8. ಇನ್ನೂ ಹೊಸ್ತಿಲ ಮೇಲೆಯೇ ಇದ್ದೇನೆ, ಆದರೆ ಹೊರಗಡೆ ಮುಖ ಮಾಡಿ. ಊಟದಲ್ಲಿ ಅನ್ನ ಕಮ್ಮಿ ಮಾಡಿದ್ದೂ ಇದೆ, ಎಲ್ಲಾ ನಡಿಗೆಯಿಂದಲೇ ಅಂತ ಹೇಳುವುದಿಲ್ಲ. ಕೆರೆಯ ಸುತ್ತು ಮಾಮೂಲಿ ದಿನ 46 ನಿಮಿಷ. ಇವತ್ತು ಬೆಳಿಗ್ಗೆ ನಾಡಿ 68.

ಮುಂದಿನ ತಿಂಗಳು ಆಷಾಢ. ಶುಕ್ರವಾರಗಳಲ್ಲಿ ಬೆಟ್ಟದಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಆದರೂ ಅಕ್ಕನಿಗೆ ಮೆಟ್ಟಿಲು ಹತ್ತಿ ಅಮ್ಮನವರ ದರ್ಶನ ಮಾಡುವ ಆಸೆ. ಅವಳ ನೋಟ್‌ಬುಕ್ಕಿನಲ್ಲಿ ನಾಡಿ ಇಲ್ಲ, ಬರೀ ಮಾತಿನ ಲೆಕ್ಕ, ಕಾಲಿನ ಲೆಕ್ಕ, ಎಷ್ಟು ಸಲ ಬೆಂಚಿನ ಮೇಲೆ ಕೂತಳು ಅನ್ನುವ ಲೆಕ್ಕ. ಈ ಮೂರು ವಾರದಲ್ಲಿ ಒಂದು ಸಲವೂ ಕೂತಿಲ್ಲ, ಕಾಲು ನೋವಿಲ್ಲ, ಏರಿ ಮೇಲೆ ನನ್ನ ಜೊತೆ ಸೊಸೆಯ ಸೀಮಂತದ ಕಥೆಯನ್ನು ಪೂರ್ತಿ ಹೇಳಿ ಮುಗಿಸಿದಳು. ಡಾಕ್ಟರೂ ಆಗಲಿ ಅಂದಿದ್ದಾರೆ. ಶುಕ್ರವಾರ ಅವಳ ಮೊದಲ ಜೋರು ನಿಮಿಷ, ಓಟ ಅಲ್ಲ, ಬಿರುಸು ನಡಿಗೆ, ಮೂರೇ ಸಲ. ಅವಳಿಗೆ ಹದಿನೇಳರ ಮಗ್ಗಿ ಬೇಡವಂತೆ, ಹನ್ನೆರಡರದ್ದು ಸಾಕಂತೆ.